ಗಿಳಿಯನ್ನು ಕೊಲ್ಲಬೇಡಿ

ರಾಕ್ಷಸನ ಪ್ರಾಣ ಎಲ್ಲಿರುತ್ತದೆ ಎಂದು ಯಾವ ಮಗುವನ್ನು ಬೇಕಾದರೂ ಕೇಳಿ. ಏಳು ಸಮುದ್ರದಾಚೆ ಒಂದು ಮರ, ಮರದ ಪೊಟರೆಯಲ್ಲಿ ಪಂಜರ, ಪಂಜರದಲ್ಲಿ ಗಿಳಿ, ಗಿಳಿಯೊಳಗೆ ಪ್ರಾಣ. ರಾಜಕುಮಾರ ಅಲ್ಲಿ ಗಿಳಿಯ ಕತ್ತು ಹಿಸುಕಿದರೆ ಇಲ್ಲಿ ರಾಕ್ಷಸ ದೊಪ್ಪನೆ ಬಿದ್ದು ಸಾಯುತ್ತಾನೆ. ಹಸುಗೂಸಿಗೂ ಗೊತ್ತಿರುವ ಈ ಕಥೆಯನ್ನು ಅಕ್ಷರಶಃ ನಂಬಿ ಕೆಟ್ಟವನೆಂದರೆ ಇಡೀ ಭೂಮಂಡಲದಲ್ಲಿ ನಮ್ಮ ರಾಕ್ಷಸನೊಬ್ಬನೇ.

ನಮ್ಮ ರಾಕ್ಷಸನಿಗೆ ವಯಸ್ಸು ನಲವತ್ತೆಂಟು. ಎರಡು ಮಂಡಿಗಳು (ಎರಡೂ ನೋಯುತ್ತವೆ), ಒಬ್ಬಳು ಹೆಂಡತಿ, ಮೂರನೇ ಕ್ಲಾಸಿನ ಒಬ್ಬಳು ಮಗಳು. ಇಪ್ಪತ್ತು ವರ್ಷ ನಾಟಕ ಕಂಪನಿಯಲ್ಲಿ ಚಕ್ರವರ್ತಿಯಾಗಿ ಮೆರೆದವನು. ಕಂಪನಿ ಮುಚ್ಚಿತು, ರಂಗಮಂದಿರ ಹಾಸಿಗೆ-ದಿಂಬುಗಳ ಗೋದಾಮಾಯಿತು, ಚಕ್ರವರ್ತಿ ಮನೆಗೆ ಬಂದು ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತ. ಎರಡು ವರ್ಷ ಕೂತ. ಕುರ್ಚಿಯ ಬೆತ್ತ ಅವನ ಆಕಾರಕ್ಕೆ ಸರಿಯಾಗಿ ಜಗ್ಗಿತು. ಬೀದಿಯಲ್ಲಿ ಹೋಗುವವರು ಮೊದಮೊದಲು ನಮಸ್ಕಾರ ಮಾಡುತ್ತಿದ್ದರು, ಆಮೇಲೆ ಕಿಟಕಿಯ ಸರಳುಗಳ ಜೊತೆ ಅವನನ್ನೂ ಒಂದು ಸರಳೆಂದು ಬಗೆದು ಸುಮ್ಮನೆ ಹೋಗತೊಡಗಿದರು.

ಹೀಗಿರುವಾಗ ಟೀವಿಯವರು ಈ ಗಿಳಿ-ರಾಕ್ಷಸರ ಕಥೆಯನ್ನು ಮಕ್ಕಳಿಗಾಗಿ ನಗೆ ಧಾರಾವಾಹಿ ಮಾಡಲು ಹೊರಟು ಇವನನ್ನು ಕರೆದರು. ದಿನಾ ಸಂಜೆ ಐದೂವರೆಗೆ ರಾಕ್ಷಸ ಘರ್ಜಿಸುತ್ತಾ ಬಂದು ಬಕೆಟ್ಟಿನೊಳಗೆ ಕಾಲಿಟ್ಟು ಬೀಳಬೇಕು. ಇಷ್ಟೇ ಪಾತ್ರ. ಸ್ಪಂಜಿನ ಹೊಟ್ಟೆ, ತಲೆಗೆ ಎರಡು ಕೊಂಬು. ಅದರಲ್ಲಿ ಎಡಗಡೆಯದು ಮೊದಲ ದಿನವೇ ಸೊಟ್ಟಗಾಗಿತ್ತು. ಸಿಂಹಾಸನ ಏರಿದವನಿಗೆ ಬಕೆಟ್ಟು! ಆದರೂ ಬೆಳಿಗ್ಗೆ ಎದ್ದು ಹೋಗುವುದಕ್ಕೆ ಒಂದು ಜಾಗ ಇತ್ತಲ್ಲ, ಅದು ಸಾಮಾನ್ಯವೇ?

ಮೂರನೆಯ ದಿನ ಅವನು ಊಟದ ಡಬ್ಬಿ ಮರೆತು ಹೋದ. ಹೆಂಡತಿ ಅದನ್ನು ಹಿಡಿದು ನೆಟ್ಟಗೆ ಸ್ಟುಡಿಯೋಗೆ ಬಂದಳು.

"ರೀ! ಡಬ್ಬಿ ಮರೆತ್ರಿ, ಕೊಂಬು ಮಾತ್ರ ಮರೀಲಿಲ್ಲ! ನಿಮ್ಮ ಹಿಂದೆ ಡಬ್ಬಿ ಹೊತ್ಕೊಂಡು ಓಡಾಡೋದೇ ನನ್ನ ಕೆಲಸಾನಾ? ಅದೇನ್ರೀ ಹೊಟ್ಟೆ? ಇರೋದು ಸಾಲದು ಅಂತ ಮೇಲೊಂದು ಕಟ್ಕೊಂಡ್ರಾ? ಮೊದ್ಲು ಹೋಗಿ ಕೈ ತೊಳ್ಕೊಳ್ಳಿ!"

ಏಳು ಸಮುದ್ರಗಳ ಒಡೆಯ ಸುಮ್ಮನೆ ಕೈ ತೊಳೆಯಲು ಹೋದ. ಕ್ಯಾಮೆರಾದವನು ನಕ್ಕ ನಗೆಗೆ ಕ್ಯಾಮೆರಾ ಅಲ್ಲಾಡಿತು. ನಿರ್ದೇಶಕನಿಗೆ (ಹಗಲು-ರಾತ್ರಿ ಟೋಪಿ ತೆಗೆಯದ ಕಾರಣ ಎಲ್ಲರ ಬಾಯಲ್ಲೂ ಅವನು 'ಟೋಪಿ') ಕಣ್ಣು ಅರಳಿತು. ಧಾರಾವಾಹಿಯ ಗಿಳಿ ಬಟ್ಟೆಯದು. ಮೇಜಿನ ಕೆಳಗೆ ಕೂತು, ಅದರೊಳಗೆ ಕೈ ತೂರಿಸಿ ಆಡಿಸುತ್ತಾ ಮಾತಾಡಬೇಕು. ಆ ಕೆಲಸಕ್ಕಿದ್ದ ಹುಡುಗಿ ಕಾಲು ಜೋಮು ಹಿಡಿಯಿತೆಂದು ಹಿಂದಿನ ದಿನವೇ ಬಿಟ್ಟು ಹೋಗಿದ್ದಳು.

"ಅಕ್ಕ, ಗಿಳಿಗೆ ಸ್ಕ್ರಿಪ್ಟೇ ಬೇಡ," ಎಂದ ಟೋಪಿ. "ನಾನು ಒಂದಕ್ಷರಾನೂ ಬರೆಯಲ್ಲ. ಮನೇಲಿ ಇವರಿಗೆ ಏನೇನು ಹೇಳ್ತೀರೋ ಅದನ್ನೇ ಇಲ್ಲಿ ಕೂತು ಹೇಳ್ಬಿಡಿ."

ಹೆಂಡತಿ ಮೇಜಿನ ಕೆಳಗೆ ಕೂತಳು. ಅಲ್ಲಿಂದ ಮುಂದೆ ನಮ್ಮ ರಾಕ್ಷಸನ ಮಾನ ಸಂಜೆ ಐದೂವರೆಗೆ ಮನೆಮನೆಗೂ ತಲುಪುತ್ತಿತ್ತು. ಒದ್ದೆ ಟವೆಲನ್ನು ಹಾಸಿಗೆ ಮೇಲೆ ಎಸೆಯುವುದು, ಪೇಸ್ಟಿನ ಟ್ಯೂಬನ್ನು ನಡುವೆ ಹಿಸುಕುವುದು, ನೆಂಟರು ಬಂದರೆ ಸ್ನಾನದ ಮನೆ ಸೇರುವುದು, ಎಲ್ಲವನ್ನೂ ಗಿಳಿ ಪಂಜರದಿಂದ ಕತ್ತು ಕೊಂಕಿಸಿ ಸಾರಿತು. ಬೀದಿಯ ಮಕ್ಕಳು "ರಾಕ್ಷಸ ಮಾಮಾ, ಟವೆಲ್ ಒಣಗಿ ಹಾಕಿದ್ರಾ?" ಎಂದು ಕೂಗಿದವು. ಅವನಿಗೆ ನಾಚಿಕೆಯಾಯಿತು. ಆದರೆ ಎರಡು ವರ್ಷದ ಮೇಲೆ ಯಾರೋ ತನ್ನನ್ನು ಕರೆದರಲ್ಲ ಎಂದು ಒಳಗೊಳಗೇ ಹಿತವೂ ಆಯಿತು.

ಐದನೆಯ ತಿಂಗಳಲ್ಲಿ ಟೋಪಿ ಬಾಂಬು ಹಾಕಿದ.

"ಕಥೆ ಮುಗಿಸ್ತಾ ಇದೀವಿ ಸರ್. ಮುಂದಿನ ತಿಂಗಳು ರಾಜಕುಮಾರ ಬರ್ತಾನೆ, ಗಿಳಿ ಕತ್ತು ಹಿಸುಕ್ತಾನೆ, ನೀವು ಸಾಯ್ತೀರ. ಬಕೆಟ್ ಮೇಲೇ ಬಿದ್ದು ಸಾಯಿರಿ, ಮಕ್ಕಳು ನಗ್ತಾರೆ."

ಆ ದಿನ ಮನೆಗೆ ಬಂದವನ ಕಣ್ಣಿಗೆ ಮೊದಲು ಬಿದ್ದದ್ದು ಬೆತ್ತದ ಕುರ್ಚಿ. ಅದು ಇವನಿಗಾಗಿಯೇ ಕಾದಿರುವಂತೆ ಜಗ್ಗಿಕೊಂಡು ನಿಂತಿತ್ತು. ಇವನಿಗೆ ಭಯವಾಯಿತು, ಸಾವಿಗಿಂತ ಹೆಚ್ಚಿನ ಭಯ. ಸತ್ತರೆ ಒಂದು ಸಲ. ಆ ಕುರ್ಚಿಯಲ್ಲಿ ದಿನಾ ಬೆಳಿಗ್ಗೆ ಎದ್ದು ಸಾಯಬೇಕು.

ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ತಲೆಗೆ ಒಂದು ಮಹೋನ್ನತ ಉಪಾಯ ಹೊಳೆಯಿತು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ.

ಭಾನುವಾರ ಮಧ್ಯಾಹ್ನ ಹೆಂಡತಿ ಮಲಗಿದ್ದಾಗ ಅವನು ಮಗಳನ್ನೂ ಅವಳ ಗೆಳತಿಯರನ್ನೂ ಅಕ್ಕಪಕ್ಕದ ಮನೆಗಳ ಚಿಳ್ಳೆಪಿಳ್ಳೆಗಳನ್ನೂ ಮಹಡಿ ಮೆಟ್ಟಿಲ ಮೇಲೆ ಸಾಲಾಗಿ ಕೂರಿಸಿದ. ತಲೆಗೆರಡು ಪೆಪ್ಪರಮೆಂಟು ಹಂಚಿ, ಚಕ್ರವರ್ತಿಯ ಕಂಠದಲ್ಲಿ ಉಕ್ತಲೇಖನ ಕೊಟ್ಟ.

"ಬರೀರಿ. ಟೀವಿ ಮಾಮನಿಗೆ ನಮಸ್ಕಾರ. ದಯವಿಟ್ಟು ಗಿಳಿಯನ್ನು ಕೊಲ್ಲಬೇಡಿ. ಗಿಳಿ ಸತ್ತರೆ ನಾವು ಊಟ ಮಾಡುವುದಿಲ್ಲ."

ಮಗಳು ಪೆನ್ಸಿಲು ಕಚ್ಚುತ್ತಾ ಕೇಳಿದಳು, "ಅಪ್ಪ, ರಾಕ್ಷಸನ್ನೂ ಕೊಲ್ಲಬೇಡಿ ಅಂತ ಬರೀಲಾ?"

"ಬೇಡಮ್ಮ. ನಾನೇ ಹೇಳಿ ಬರೆಸಿದೀನಿ ಅಂತ ಅನುಮಾನ ಬರುತ್ತೆ. ಗಿಳಿ ಉಳಿದ್ರೆ ರಾಕ್ಷಸ ತಾನಾಗೇ ಉಳೀತಾನೆ. ಕಥೆ ಗೊತ್ತಿಲ್ವಾ ನಿಂಗೆ?"

"ಗೊತ್ತು. ಆದ್ರೂ ಒಂದು ಮಾತು ಬರೀಬಹುದಿತ್ತು," ಎಂದಳು ಮಗಳು. ಆ ಮಾತು ಕೇಳಿದ್ದರೆ ಈ ಕಥೆ ಇಲ್ಲಿಗೇ ಸುಖಾಂತವಾಗುತ್ತಿತ್ತು. ಆದರೆ ಬುದ್ಧಿವಂತಿಕೆ ತಲೆಗೇರಿದಾಗ ಗಂಡಸರಿಗೆ ಕಿವಿ ಮಂದವಾಗುತ್ತದೆ.

ಒಟ್ಟು ನಲವತ್ತಮೂರು ಕಾಗದಗಳು. ಬೇರೆ ಬೇರೆ ದಿನ, ಬೇರೆ ಬೇರೆ ಅಂಚೆ ಡಬ್ಬಕ್ಕೆ, ಮಂಡಿನೋವು ಲೆಕ್ಕಿಸದೆ ನಡೆದು ನಡೆದು ಅವನೇ ಹಾಕಿ ಬಂದ.

ಮುಂದಿನ ವಾರ ಟೋಪಿ ಗಂಡಹೆಂಡಿರಿಬ್ಬರನ್ನೂ ಕರೆದು ಕೂರಿಸಿದ. ಮೇಜಿನ ಮೇಲೆ ಕಾಗದಗಳ ರಾಶಿ. ಟೋಪಿಯ ಕಣ್ಣಲ್ಲಿ ನೀರು.

"ಮಕ್ಕಳ ಮಾತು ಮೀರೋಕಾಗಲ್ಲ. ಗಿಳೀನ ಕೊಲ್ಲಲ್ಲ. ಧಾರಾವಾಹಿ ಇನ್ನೂ ಒಂದು ವರ್ಷ ಓಡುತ್ತೆ!"

ನಮ್ಮ ರಾಕ್ಷಸ ಏನೂ ಅರಿಯದವನಂತೆ ಮುಖ ಮಾಡಿದ. ಇಪ್ಪತ್ತು ವರ್ಷದ ಅಭಿನಯವನ್ನೆಲ್ಲ ಆ ಒಂದು ಮುಖಕ್ಕೆ ಸುರಿದ. "ಹಾಗಾದ್ರೆ... ರಾಕ್ಷಸ?"

"ಅದನ್ನೇ ಹೇಳೋಣ ಅಂತಿದ್ದೆ ಸರ್." ಟೋಪಿ ದನಿ ತಗ್ಗಿಸಿದ. "ನಲವತ್ಮೂರು ಕಾಗದ. ಒಂದ್ರಲ್ಲೂ ರಾಕ್ಷಸನ ಸುದ್ದಿ ಇಲ್ಲ. ಮಕ್ಕಳಿಗೆ ಅವನು ಬೇಕಾಗಿಲ್ಲ."

"ಅಯ್ಯೋ! ಗಿಳಿ ಬದುಕಿರೋವಾಗ ರಾಕ್ಷಸ ಹೇಗಪ್ಪಾ ಸಾಯ್ತಾನೆ? ಕಥೆಯ ಧರ್ಮ ಅಂತ ಒಂದಿದೆ!"

"ಸಾಯಲ್ಲ ಸರ್. ಗುಹೆ ಒಳಗೆ ಮಲಗಿರ್ತಾನೆ. ಬಾಗಿಲು ಹಾಕಿರುತ್ತೆ. ಹೊರಗೆ ಗಿಳಿ ಮಾತಾಡುತ್ತೆ, ಒಳಗಿಂದ ಗೊರಕೆ ಕೇಳಿಸುತ್ತೆ. ಹೇಗೂ ಪ್ರಾಣ ಎಲ್ಲಾ ಗಿಳೀಲೇ ಇದೆ, ದೇಹ ಯಾಕೆ ಬೇಕು?"

ಮುಳುಗುವವನು ಹುಲ್ಲುಕಡ್ಡಿ ಹಿಡಿದ. "ಹಾಗಿದ್ರೆ ಗೊರಕೆ ಹೊಡೆಯೋಕಾದ್ರೂ ನಾನು..."

"ಗೊರಕೆ ರೆಕಾರ್ಡ್ ಆಗಿದೆ ಸರ್. ಮೊನ್ನೆ ಊಟ ಆದ್ಮೇಲೆ ನೀವು ಪರದೆ ಹಿಂದೆ ಮಲಗಿದ್ರಲ್ಲ, ಆಗ. ತುಂಬಾ ಚೆನ್ನಾಗಿ ಬಂದಿದೆ."

ದೊಣ್ಣೆ ಕೊಟ್ಟು ಹೊಡೆಸಿಕೊಳ್ಳುವುದು ಎಂದರೆ ಇದೇ. ಅವನು ಎದ್ದು ಸೊಟ್ಟ ಕೊಂಬನ್ನು ಬಿಚ್ಚಿ, ಮೇಜಿನ ಮೇಲೆ ಇಟ್ಟು, ಕಾಗದಗಳು ಗಾಳಿಗೆ ಹಾರದಿರಲಿ ಎಂದು ಅವುಗಳ ಮೇಲೆ ಸರಿಸಿದ.

ಬಸ್ ನಿಲ್ದಾಣದ ಹತ್ತಿರ ಹೆಂಡತಿ ಕೇಳಿದಳು, "ಆ ಕಾಗದ ಬರೆಸಿದ್ದು ನೀವೇ ತಾನೇ?"

"ಹೂಂ."

ಅವನು ಬೈಗುಳಕ್ಕೆ ಮೈ ಬಿಗಿ ಹಿಡಿದು ಕಾದ. ಬರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಾನೂ ಬಿಟ್ಬಿಡ್ತೀನಿ," ಎಂದಳು. "ಎದುರಿಗೆ ನೀವಿಲ್ದೆ ಆ ಹಲಗೆ ಬಾಗಿಲಿಗೆ ಬೈಲಾ?"

"ಹುಚ್ಚಿ. ಮನೆ ನಡೀಬೇಡ್ವೇನೇ?" ಎಂದ. ಅಷ್ಟರಲ್ಲಿ ಬಸ್ಸು ಬಂತು.

ಮತ್ತೆ ಬೆತ್ತದ ಕುರ್ಚಿ, ಮತ್ತೆ ಕಿಟಕಿ. ಬೆಳಿಗ್ಗೆ ಡಬ್ಬಿ ಕಟ್ಟುವವನು ಈಗ ಇವನು, ಮರೆತು ಹೋಗುವವಳು ಅವಳು. ಬೀದಿಯ ಮಕ್ಕಳು ಹೆಂಡತಿಯನ್ನು ಕಂಡು "ಗಿಳಿ ಆಂಟಿ!" ಎಂದು ಮುತ್ತಿಕೊಳ್ಳುತ್ತವೆ. ಕಿಟಕಿಯ ಕಡೆ ನೋಡುವವರಿಲ್ಲ. ಪೆಪ್ಪರಮೆಂಟು ತಿಂದ ಬಾಯಿಗೆ ನಿಯತ್ತಿಲ್ಲ.

ಹೊಸ ಕಂತು ಬರುವ ದಿನ ಅವನು ಟೀವಿ ಹಾಕಬಾರದೆಂದು ಶಪಥ ಮಾಡಿದ್ದ. ಐದೂವರೆಗೆ ಮಗಳು ಹಾಕಿದಳು. ಮುಚ್ಚಿದ ಗುಹೆ, ಹೊರಗೆ ಪಂಜರ, ಒಳಗಿಂದ ಗೊರಕೆ (ನಿಜಕ್ಕೂ ಚೆನ್ನಾಗಿಯೇ ಬಂದಿತ್ತು). ರಾಜಕುಮಾರ ಕತ್ತಿ ಹಿರಿದು ಬಂದ.

"ಎಲೈ ಗಿಳಿಯೇ, ಎಲ್ಲಿ ಆ ಕೆಲಸಕ್ಕೆ ಬಾರದ ರಾಕ್ಷಸ?"

ಗಿಳಿ ಗುಹೆಯ ಬಾಗಿಲ ಕಡೆ ಕತ್ತು ತಿರುಗಿಸಿತು. ಆಮೇಲೆ ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ ಹೇಳಿತು:

"ಶ್... ಮೆಲ್ಲಗೆ ಮಾತಾಡಿ. ಮಲಗಿದ್ದಾರೆ. ಬಕೆಟ್ ಮೇಲೆ ಬಿದ್ದೂ ಬಿದ್ದೂ ಸುಸ್ತಾಗಿದ್ದಾರೆ, ಪಾಪ. ಎದ್ದ ದಿನ ನೋಡಿ, ಅವರು ಚಕ್ರವರ್ತಿ ಆಗಿದ್ದೋರು."

ಮದುವೆಯಾದ ಹದಿನಾರು ವರ್ಷಗಳಲ್ಲಿ ಆ 'ಪಾಪ' ಅವನ ಪಾಲಿಗೆ ಬಂದದ್ದು ಅದೇ ಮೊದಲು. ಅವನಿಗೆ ತಡೆಯಲಾಗಲಿಲ್ಲ. ಟವೆಲಿನಲ್ಲಿ ಮುಖ ಹುದುಗಿಸಿಕೊಂಡು, ಸದ್ದಾಗದಂತೆ ಎಂದುಕೊಂಡೇ, ಅತ್ತುಬಿಟ್ಟ.

"ಅಪ್ಪಾ, ಗೊರಕೆ ನಿಲ್ಸು!" ಎಂದಳು ಮಗಳು, ಟೀವಿಯಿಂದ ಕಣ್ಣು ಕೀಳದೆ. "ಗಿಳಿ ಏನು ಹೇಳ್ತೋ ಕೇಳಿಸ್ತಾನೇ ಇಲ್ಲ."

ಏಳು ಗಂಟೆಗೆ ಹೆಂಡತಿ ಬಂದಳು. ಚಪ್ಪಲಿ ಬಿಡುವಷ್ಟರಲ್ಲಿ ಅವನು ಎದುರು ಹೋಗಿ ನಿಂತ.

"ಲೇ... ಆ ಮಾತು..."

"ಯಾವ್ದು? ಓ, ಅದಾ? ಸ್ಕ್ರಿಪ್ಟಲ್ಲಿತ್ತು, ಹೇಳ್ದೆ," ಎಂದು ಅವಳು ಮುಖ ತಿರುಗಿಸಿದಳು. "ಅದ್ಯಾಕೆ ಕಣ್ಣು ಕೆಂಪಗಿದೆ? ಈರುಳ್ಳಿ ಹೆಚ್ಚಿದ್ರಾ? ಹೆಚ್ಚಿದ್ರೆ ಒಲೆ ಯಾಕ್ರೀ ಇನ್ನೂ ತಣ್ಣಗಿದೆ? ಅಯ್ಯೋ, ಕುರ್ಚಿ ಮೇಲೆ ಮತ್ತೆ ಒದ್ದೆ ಟವೆಲ್!"

ರಾಕ್ಷಸ ಟವೆಲನ್ನು ತೆಗೆದು ಹಗ್ಗದ ಮೇಲೆ ಹರವಿ, ಈರುಳ್ಳಿ ಹೆಚ್ಚಲು ಒಳಗೆ ಹೋದ.