ಧನಗೆರೆ ಭಾವನ ದಮ್ಮು, ಅಮೆರಿಕದ ಕ್ಯಾಸೆಟ್ಟು

ಹಾಡು ಕೇಳುವವರಲ್ಲಿ ಕೆಲವರು ರಾಗಕ್ಕೆ ತಲೆದೂಗುತ್ತಾರೆ, ಕೆಲವರು ಮಾತಿಗೆ ಕಣ್ಣೊರೆಸಿಕೊಳ್ಳುತ್ತಾರೆ. ಧನಗೆರೆಯ ನಮ್ಮ ಭಾವ ಈ ಎರಡಕ್ಕೂ ಸೇರಿದವರಲ್ಲ. ಹಾಡುವವನು ಎಲ್ಲಿ ಉಸಿರು ತೆಗೆದುಕೊಂಡ ಎಂದು ಹಿಡಿಯಲು, ಬಾಯಲ್ಲಿ ವಿಷಲ್ ಕಚ್ಚಿಕೊಂಡು ಹಾಡು ಕೇಳುವ ಮನುಷ್ಯನನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಪ್ರಾಯದಲ್ಲಿ ಕಬಡ್ಡಿ ಹುಲಿ. ದನಿ ಮಾತ್ರ ಮೂಗಿನಿಂದ ಹೊರಡುವಂಥದ್ದು. ಎಣ್ಣೆ ಕಾಣದ ಬಾವಿರಾಟೆಯ ಹಾಗೆ ಎಳೆದೆಳೆದು, ನಡುವೆ ಕೀರಲು ಬಿದ್ದು ಒಡೆಯುತ್ತಿತ್ತು. ಎಂಬತ್ತರ ದಶಕದಲ್ಲಿ ಒಮ್ಮೆ ಹನೂರಿನಲ್ಲಿ ಧನಗೆರೆಗೂ ಅಜ್ಜೀಪುರಕ್ಕೂ ಫೈನಲ್ ಬಿತ್ತು. ಅಂಪೈರು ಕೈಕೊಟ್ಟ. ಅಲ್ಲಿ ಮೈಕ್ ಸೆಟ್ ಹಾಕಿದ್ದವನು ನಾನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು, ತಲೆಯ ಮೇಲೆ ಮೈಕಿನ ಹಾರ್ನ್ ಹೊತ್ತು ಊರೂರು ಅಲೆದು, ಹನೂರಿನಲ್ಲಿ ಸ್ವಂತ ಅಂಗಡಿ ಮಾಡಿಕೊಂಡವನು. ಮೈಕಿನವನ ಕಿವಿ ಸೂಕ್ಷ್ಮ ಎಂದು ಹಿರಿಯರು ವಿಷಲನ್ನು ನನ್ನ ಕೈಗಿಟ್ಟರು.

ಕೊನೆಯ ದಾಳಿಯಲ್ಲಿ ಭಾವ ಇಬ್ಬರನ್ನು ಮುಟ್ಟಿ ಗೆರೆಯ ಕಡೆ ಹಾರಿದರು. ಅಷ್ಟರಲ್ಲಿ ಅವರ "ಕಬಡ್ಡಿ ಕಬಡ್ಡಿ" ನಡುವೆ ಒಡೆಯಿತು. ಉಸಿರು ತೆಗೆದುಕೊಂಡರು ಎಂದು ನಾನು ಊದಿದೆ. ಔಟ್. ಧನಗೆರೆ ಸೋತಿತು.

"ದಮ್ ಮುರ್ದಿಲ್ಲ ಕಣ್ಲಾ, ನನ್ ದನೀನೇ ಇಂಗೆ!"

ಧನಗೆರೆಯವರೆಲ್ಲ ನನ್ನನ್ನು ಮುತ್ತಿಕೊಂಡರು. ನನ್ನ ಅಂಗಿ ಎರಡಾಯಿತು, ತೀರ್ಪು ಎರಡಾಗಲಿಲ್ಲ. ಮಾರನೇ ವರ್ಷ ಅದೇ ಭಾವ ತಮ್ಮ ತಂಗಿಯನ್ನು ನನಗೆ ಕೊಟ್ಟು ಮದುವೆ ಮಾಡಿದರು. ಆದರೆ ಔಟನ್ನು ಬಿಟ್ಟರೇ? ಧಾರೆ ಎರೆಯುವಾಗಲೇ ಕಿವಿಯ ಹತ್ತಿರ ಬಾಗಿ, "ಈಗ್ಲಾದ್ರೂ ತಪ್ಪಾಯ್ತು ಅನ್ನು" ಎಂದರು. ಹಬ್ಬಕ್ಕೆ ಕರೆಯಲು ಬಂದರೂ ಅದೇ, ಮಗುವಿಗೆ ಹೆಸರಿಟ್ಟ ದಿನವೂ ಅದೇ. ನನ್ನ ದುಡಿಮೆಯಲ್ಲಿ ನಿಂತವನು ನಾನು, ಬಗ್ಗುವ ಪೈಕಿಯಲ್ಲ.

ಹತ್ತು ವರ್ಷ ಹೀಗೇ ಕಳೆಯಿತು. ಆಮೇಲೆ ಕೊಳ್ಳೇಗಾಲದಿಂದ ತಂದ ಕ್ಯಾಸೆಟ್ಟುಗಳ ನಡುವೆ ಕವರು ಹರಿದ ಒಂದು ಇಂಗ್ಲಿಷ್ ಕ್ಯಾಸೆಟ್ಟು ಸೇರಿಕೊಂಡು ಬಂತು. ಹೊಸ ಸ್ಪೀಕರಿನ ತಾಕತ್ತು ನೋಡಲು ಅದನ್ನೇ ಹಾಕಿದೆ. ಹಾಡಲ್ಲ, ಬರೀ ಮಾತು. ಡ್ರಮ್ಮಿನ ಏಟಿನ ಮೇಲೆ ಒಬ್ಬ ಮೂಗಿನಲ್ಲಿ ಮಾತಾಡುತ್ತಲೇ ಹೋಗುತ್ತಿದ್ದ. ಏಟು ಮುಂದೆ ಓಡಿದರೂ ಅವನಿಗೆ ಅವಸರವಿಲ್ಲ. ಹೊರಟ ಬಸ್ಸಿನ ಹಿಂದೆ ಸಾವಕಾಶ ನಡೆದುಬಂದು ತಿರುವಿನಲ್ಲಿ ಹತ್ತಿಕೊಳ್ಳುವವನ ಹಾಗೆ, ಕೊನೇ ಗಳಿಗೆಯಲ್ಲಿ ಬಂದು ಏಟಿನ ಮೇಲೆ ಕೂರುತ್ತಿದ್ದ. ನಡುನಡುವೆ ದನಿ ಕೀರಲು ಬಿದ್ದು ಒಡೆಯುತ್ತಿತ್ತು.

ಸಂತೆಗೆ ಬಂದಿದ್ದ ಭಾವ ಅಂಗಡಿ ಮುಂದೆ ನಿಂತೇಬಿಟ್ಟರು.

"ಯಾರ್ಲಾ ಇವ್ನು? ನನ್ ದನಿ ಎತ್ಕಂಡೋಗವ್ನೆ."

"ಯಾರೋ ಅಮೆರಿಕದೋನು ಬಾವ."

"ಅಲ್ಲೂ ನಿನ್ನಂತ ಅಂಪೈರ್ ಇದ್ದಿದ್ರೆ ಇವ್ನು ಕ್ಯಾಸೆಟ್ ಮಾಡಕ್ಕಾಯ್ತಿತ್ತಾ?"

ಅಂದಿನಿಂದ ಕ್ಯಾಸೆಟ್ಟು ಅವರದಾಯಿತು. ಒಂದು ವಿಷಲ್ ಕೊಂಡು, ಟೇಪ್ ರೆಕಾರ್ಡರಿನ ಮುಂದೆ ಅಂಪೈರಾಗಿ ಕೂತರು. ಕೊಳ್ಳೇಗಾಲದ ಬಸ್ಸಿನಲ್ಲೂ ಡ್ರೈವರಿಗೆ ಹೇಳಿ ಅದನ್ನೇ ಹಾಕಿಸಿದರು. ಹಾಡುವವನು ಉಸಿರು ತೆಗೆದುಕೊಂಡಂತೆ ಕೇಳಿಸಿದಾಗ ಪೀ ಎಂದು ಊದಿದರು. ಕಂಡಕ್ಟರ್ ಊದಿದನೆಂದು ಡ್ರೈವರು ನಡುರಸ್ತೆಯಲ್ಲಿ ಬಸ್ ನಿಲ್ಲಿಸಿದ. ಇನ್ನೊಮ್ಮೆ ಊದಿದರು, ಇನ್ನೊಮ್ಮೆ ನಿಲ್ಲಿಸಿದ. ಮೂರನೇ ಸಲ ಭಾವನನ್ನೇ ಇಳಿಸಿದ.

ಒಂದು ದಿನ ಇಂಗ್ಲಿಷ್ ಮೇಷ್ಟರನ್ನು ನನ್ನ ಅಂಗಡಿಗೆ ಹಿಡಿದು ತಂದು ಕೂರಿಸಿದರು. "ಏನ್ ಏಳ್ತಾವ್ನೆ ಸಾ ಇವ್ನು?"

ಮೇಷ್ಟರು ಬಹಳ ಹೊತ್ತು ಕಿವಿಗೊಟ್ಟರು. "ಇದಕ್ಕೆ ರ್‍ಯಾಪ್ ಅಂತಾರೆ. ಪೂರಾ ತಿಳಿಯಲ್ಲ. ಯಾರನ್ನೋ ಬೈತಾ ಇದ್ದಾನೆ ಅನ್ಸುತ್ತೆ."

"ಮತ್ತೆ? ಬಯ್ಯೋನು ನಡ್ವೆ ಉಸ್ರು ತಕ್ಕಂಡ್ರೆ ಬಯ್ಸ್ಕಳೋನು ಎದ್ದೋಗ್ಬುಡ್ತಾನೆ ಸಾ."

ಬರಬರುತ್ತಾ, ಊದುವ ಜಾಗವೇ ಸಿಗದೆ ಅವರ ವಿಷಲ್ ಮೌನವಾಯಿತು. ಒಂದು ಸಂತೆಯ ದಿನ ಅಂಗಡಿಗೆ ಬಂದು, ಕ್ಯಾಸೆಟ್ಟು ಹಾಕಿ, ವಿಷಲನ್ನು ನನ್ನ ಕೈಗೇ ಕೊಟ್ಟರು. "ಇವ್ನ್ ದಮ್ಮು ಎಲ್ಲಿ ಮುರೀತದೆ, ಊದು."

ದನಿ ಒಡೆದ ಕಡೆ ನಾನು ಧೈರ್ಯವಾಗಿ ಊದಿದೆ. ಭಾವ ಟೇಪನ್ನು ಹಿಂದಕ್ಕೆ ಸುತ್ತಿ, ದೊಡ್ಡ ಸ್ಪೀಕರಿಗೆ ಕೊಟ್ಟು, ಸೌಂಡ್ ಏರಿಸಿದರು. ಸೊಳ್ಳೆ ಆಕಳಿಸಿದರೂ ಕೇಳುವಂಥ ಸ್ಪೀಕರು ಅದು. ದನಿ ಒಡೆದ ಕಡೆ ಉಸಿರಿನ ಸದ್ದೇ ಇಲ್ಲ! ಅದಕ್ಕೂ ಮೂರು ಮಾತು ಹಿಂದೆ, ಡ್ರಮ್ಮಿನ ಏಟಿನ ಅಡಿಯಲ್ಲಿ ಬಚ್ಚಿಟ್ಟು, ಕಳ್ಳ ಉಸಿರು ಎಳೆದುಕೊಂಡಿದ್ದ.

"ಅವ್ನು ಅವ್ನೇ, ನೀವು ನೀವೇ ಬಾವ" ಎಂದೆ.

"ಅಂಗಾ? ಮೈಕ್ ಕೊಡು ಇತ್ಲಾಗೆ."

ಅಂಗಡಿಯ ಮೇಲೆ ಹಾರ್ನ್ ಇತ್ತು. ಮೈಕನ್ನು ಅವರ ಮೂಗಿನ ಕೆಳಗೇ ಹಿಡಿದೆ. ಮನುಷ್ಯ ಸುಳ್ಳು ಹೇಳಬಹುದು, ಮೈಕು ಹೇಳುವುದಿಲ್ಲ. ಉಸಿರೆಳೆದರೆ ಹಾರ್ನಿನಲ್ಲಿ ಗಾಳಿ ನುಗ್ಗುತ್ತದೆ. ನಲವತ್ತೈದು ದಾಟಿದ್ದ ಭಾವ ಎದೆ ತುಂಬ ಗಾಳಿ ತುಂಬಿಕೊಂಡು, ಕಣ್ಣು ಮುಚ್ಚಿ ಶುರುಮಾಡಿದರು. ಕಬಡ್ಡಿ ಕಬಡ್ಡಿ ಕಬಡ್ಡಿ. ಈರುಳ್ಳಿ ತೂಗುತ್ತಿದ್ದ ತಕ್ಕಡಿಗಳು ನಿಂತವು. ದನಿ ಒಡೆಯಿತು, ಗಾಳಿ ಬರಲಿಲ್ಲ. ಮತ್ತೆ ಒಡೆಯಿತು, ಆಗಲೂ ಇಲ್ಲ. ಕೊರಳ ನರ ಉಬ್ಬಿದವು.

"ಸಾಕ್ ಬುಡಣ್ಣ, ಜೀವ ಓಯ್ತದೆ" ಎಂದು ಎಳನೀರಿನವನು ಓಡಿಬಂದ. ಭಾವ ಬಿಡಲಿಲ್ಲ. ನಾನೇ ಮೈಕ್ ಕಿತ್ತುಕೊಳ್ಳಬೇಕಾಯಿತು.

ಕಿತ್ತುಕೊಂಡ ಮೈಕಿನಲ್ಲಿ ಏನಾದರೂ ಹೇಳಬೇಕಲ್ಲ. ಇಡೀ ಸಂತೆ ನನ್ನನ್ನೇ ನೋಡುತ್ತಿತ್ತು.

"ಮಹಾಜನಗಳಲ್ಲಿ ವಿನಂತಿ. ಆ ಫೈನಲಿನಲ್ಲಿ ಧನಗೆರೆ ಆಟಗಾರನ ದಮ್ಮು ಮುರಿದಿರಲಿಲ್ಲ. ನಾನು ಕೊಟ್ಟ ಔಟು ತಪ್ಪು. ಗೆದ್ದದ್ದು ಧನಗೆರೆ."

ಸಂತೆಗೆ ಸಂತೆಯೇ ಶಿಳ್ಳೆ ಹೊಡೆಯಿತು. ಧನಗೆರೆಯ ಹುಡುಗರು ಭಾವನನ್ನು ಹೆಗಲ ಮೇಲೆ ಹೊತ್ತು ಬಸ್ ಸ್ಟ್ಯಾಂಡಿನವರೆಗೆ ಕುಣಿಸಿಕೊಂಡು ಹೋಗಿ ಬಂದರು. ಆ ಹೆಗಲುಗಳ ಮೇಲೆ ಅವರಿಗೆ ಮತ್ತೆ ಆ ಫೈನಲಿನ ದಿನದ ಪ್ರಾಯ ಬಂದಿತ್ತು.

ಆ ಮಧ್ಯಾಹ್ನ ನಮ್ಮ ಮನೆಯಲ್ಲೇ ಊಟ. ಮುದ್ದೆ ಮುರಿಯುತ್ತಿದ್ದವರನ್ನು ಕೇಳಿದೆ. "ಅಷ್ಟು ಕ್ವಾಪ ಇಟ್ಕಂಡು ತಂಗೀನ ನಂಗ್ಯಾಕೆ ಕೊಟ್ರಿ ಬಾವ?"

ಅವರು ತಲೆ ಎತ್ತಲಿಲ್ಲ. "ಕ್ವಾಪ ಔಟಿನ್ ಮ್ಯಾಲೆ ಕಣಪ್ಪ, ನಿನ್ ಮ್ಯಾಲಲ್ಲ. ಅವತ್ತು ಅಷ್ಟು ಜನ ಮ್ಯಾಲೆ ಬಿದ್ರೂ, ಕಿವೀಗೆ ಕೇಳಿದ್ದ ಬಿಟ್ಟು ಬ್ಯಾರೆ ಏಳ್ಲಿಲ್ಲ ನೀನು. ಅಪ್ಪ ಇಲ್ದ ಎಣ್ಣು ನಮ್ಮವ್ಳು. ಕೊಟ್ರೆ ಇಂತೋನ್ಗೇ ಕೊಡ್ಬೇಕು ಅಂತ ಅಲ್ಲೇ ನಿಂತು ತೀರ್ಮಾನ ಮಾಡ್ದೆ."

ಸಾರು ಬಡಿಸಲು ಬಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತಳು. ನಾನು ಎದ್ದು, ಅವಳ ಕೈಯಿಂದ ಸೌಟು ತೆಗೆದುಕೊಂಡು, ಭಾವನ ತಟ್ಟೆಗೆ ನಾನೇ ಬಡಿಸಿದೆ.