ಎರಡೂ ಬಲ್ಲ ಡಾಕ್ಟರು

ಅರ್ಜಿಯಲ್ಲಿ ಇದ್ದದ್ದು ಒಂದೇ ಒಂದು ಗೆರೆ. 'ತಜ್ಞರಾಗಬಯಸುವ ವಿಭಾಗ' ಎಂದು ಅಚ್ಚು ಹಾಕಿ, ಮುಂದೆ ಒಂದು ಶಬ್ದ ಹಿಡಿಯುವಷ್ಟು ಜಾಗ ಬಿಟ್ಟಿದ್ದರು. ಡಾಕ್ಟರ್ ಲಿಂಬಾನಿ ಕುಮ್ವೆಂಡ ಅಲ್ಲಿ 'ಶಸ್ತ್ರಚಿಕಿತ್ಸೆ' ಎಂದು ಬರೆದ. ಆಮೇಲೆ, ತುಂಬಿದ ಮಿನಿಬಸ್ಸಿಗೆ ಮತ್ತೊಬ್ಬನನ್ನು ತುರುಕುವ ಕಂಡಕ್ಟರನ ಹಾಗೆ, ಅದರ ಪಕ್ಕದಲ್ಲಿ 'ಮತ್ತು ಅರಿವಳಿಕೆ' ಎಂದು ತುರುಕಿದ.

ಆಗ ಬೆಳಗಿನ ಎಂಟು ಗಂಟೆ. ರಾಜಧಾನಿ ಲಿಲೋಂಗ್ವೆಯಲ್ಲಿ ತಜ್ಞ ತರಬೇತಿಯ ಆಯ್ಕೆ ಸಮಿತಿ ಅಂದೇ ಮಧ್ಯಾಹ್ನ ಎರಡಕ್ಕೆ ಕೂರುವುದಿತ್ತು. ಅಷ್ಟರೊಳಗೆ ಅರ್ಜಿಯ ಫೋಟೋ ತಲುಪಬೇಕು. ಒಬ್ಬನೇ ಎರಡು ವಿಭಾಗ ಕೇಳಬಹುದೇ ಎಂದು ಲಿಂಬಾನಿ ಫೋನ್ ಮಾಡಿ ವಿಚಾರಿಸಿದ. ಇಲ್ಲಿಯವರೆಗೆ ಯಾರೂ ಕೇಳಿಲ್ಲ, ಕೇಳಬಾರದು ಅಂತಲೂ ಎಲ್ಲೂ ಬರೆದಿಲ್ಲ ಎಂದ ಸಮಿತಿಯ ಕಾರ್ಯದರ್ಶಿ, ಕಾರಣ ವಿವರಿಸಿ ಒಂದು ಪುಟ, ಜೊತೆಗೆ ಸಹೋದ್ಯೋಗಿಗಳ ಮೂರು ಶಿಫಾರಸು ಪತ್ರ ಇರಲಿ ಎಂದ.

ಕಾರಣ ಬರೆಯುವುದಕ್ಕೆ ಲಿಂಬಾನಿಗೆ ಯೋಚನೆ ಬೇಕಿರಲಿಲ್ಲ. ಸರೋವರದ ದಂಡೆಯ ಆ ಆಸ್ಪತ್ರೆಗೆ ಅವನೊಬ್ಬನೇ ಡಾಕ್ಟರು. ಅರಿವಳಿಕೆ ಕೊಡಲು ಲುಹಾಂಗ ಎಂಬ ಸಹಾಯಕ ಒಬ್ಬನಿದ್ದ. ಎರಡು ವರ್ಷದ ಹಿಂದೆ ಲುಹಾಂಗ ರಜೆಯಲ್ಲಿದ್ದ ದಿನ, ಟಿಯಾಮಿಕೆ ಎಂಬ ಇಪ್ಪತ್ತೆರಡರ ಹೆಂಗಸು ಹೆರಿಗೆಗೆ ಬಂದಳು. ಲಿಂಬಾನಿಯೇ ಚುಚ್ಚುಮದ್ದು ಕೊಟ್ಟ, ಅವನೇ ಹೊಟ್ಟೆ ಕೊಯ್ದ. ಎರಡೂ ಕೈ ಒಳಗಿದ್ದಾಗ ಅವಳ ಉಸಿರು ನಿಂತಿತು. ನಿಂತದ್ದು ಅವನಿಗೆ ತಿಳಿದದ್ದು ತಡವಾಗಿ. ಮಗು ಉಳಿಯಿತು. ಈಗಲೂ ಅಜ್ಜಿಯ ಬೆನ್ನ ಮೇಲೆ ಲಸಿಕೆಗೆ ಬರುತ್ತದೆ, ಲಿಂಬಾನಿಯನ್ನು ಕಂಡರೆ ನಗುತ್ತದೆ. ಆ ನಗುವಿಗೆ ಅವನು ಎಂದೂ ಮುಖ ಎತ್ತಿದವನಲ್ಲ.

ಪತ್ರ ಕೇಳಲು ಮೊದಲು ಮೇಟ್ರನ್ ನ್ಯಾಗೊಂಡ್ವೆಯ ಬಳಿಗೆ ಹೋದ. ಅವರು ಕನ್ನಡಕ ಏರಿಸಿ ಅರ್ಜಿ ಓದಿ, ಹೆರಿಗೆ ವಿಭಾಗ ತಗೊಳ್ಳದೆ ಇದೇನು ಹುಚ್ಚು ಎಂದು ಬೈದರು. ಹೊರಗಿನ ಬೆಂಚಿನ ಮೇಲೆ ಬಸುರಿಯರು ಸಾಲಾಗಿ ಕೂತಿದ್ದನ್ನು ಒಂದು ಸಾಕ್ಷಿಯಂತೆ ತೋರಿಸಿದರು. ಆಮೇಲೆ ದನಿ ತಗ್ಗಿಸಿದರು.

"ಟಿಯಾಮಿಕೆ ವಿಷಯ ತಾನೆ?"

ಲಿಂಬಾನಿ ಅರ್ಜಿಗೆ ಕೈ ಚಾಚಿದ.

"ಎರಡೂ ಕಲಿತ್ರೆ ಕೈ ನಾಲ್ಕಾಗ್ತವಾ ಡಾಕ್ಟ್ರೇ?"

ಈ ಪ್ರಶ್ನೆ ಅವನಿಗೂ ಎಷ್ಟೋ ಸಲ ಬಂದಿತ್ತು. ಆದರೂ ಪತ್ರ ಬರೆದುಕೊಡಿ ಎಂದ. ಮೇಟ್ರನ್ ನಿಟ್ಟುಸಿರು ಬಿಟ್ಟು ಪೆನ್ನು ಹುಡುಕಿದರು.

ಔಷಧಿ ಉಗ್ರಾಣ ನೋಡಿಕೊಳ್ಳುವ ಹರಾವಾ ಕಣ್ಣಿನ ಡಾಕ್ಟರಾಗಲು ಸಲಹೆ ಕೊಟ್ಟ. ಅವನ ಲೆಕ್ಕವೇ ಬೇರೆ. ಕಣ್ಣಿನ ರೋಗಿಗೆ ಎರಡು ಹನಿಯಲ್ಲಿ ಕೆಲಸ ಮುಗಿಯುತ್ತದೆ, ಹೊಟ್ಟೆ ಕೊಯ್ದರೆ ಅರ್ಧ ಕಪಾಟು ಖಾಲಿ. ಅವನ ಕಪಾಟಿನಲ್ಲೋ ಆಗಲೇ ಔಷಧಿಗಿಂತ ಜೇಡ ಹೆಚ್ಚಿದ್ದವು. ಆದರೆ ಇಂಟರ್ನೆಟ್ ಇದ್ದದ್ದು ಅವನ ಫೋನಿನಲ್ಲಿ ಮಾತ್ರ. ಹೀಗಾಗಿ ಕಳಿಸುವ ಕೆಲಸವನ್ನು ಅವನೇ ವಹಿಸಿಕೊಂಡ, ಕೇಳದಿದ್ದರೂ.

ಕಷ್ಟವಾದದ್ದು ಲುಹಾಂಗನ ಜೊತೆ. ಹದಿನೇಳು ವರ್ಷದಿಂದ ಆ ಆಸ್ಪತ್ರೆಯಲ್ಲಿ ಜನರನ್ನು ಮಲಗಿಸಿ ಎಬ್ಬಿಸಿದವನು ಅವನು. ಅರ್ಜಿ ನೋಡಿ ಅವನ ಮುಖ ಒಣಗಿದ ಉಸಿಪಾ ಮೀನಿನಂತಾಯಿತು.

"ಅರಿವಳಿಕೇನೂ ನೀವೇ ಕಲಿತು ಬಂದ್ರೆ, ನಾನೇನು ಟಾರ್ಚ್ ಹಿಡ್ಕೊಂಡು ನಿಂತ್ಕೊಳ್ಲಾ?"

ನಿನ್ನ ಮೇಲೆ ನಂಬಿಕೆಯಿಲ್ಲ ಅಂತಲ್ಲ ಅಣ್ಣ, ನೀನಿಲ್ಲದ ದಿನಕ್ಕೆ ಎಂದು ಲಿಂಬಾನಿ ಹತ್ತು ರೀತಿಯಲ್ಲಿ ಹೇಳಿದ. ಕೊನೆಗೆ ಲುಹಾಂಗ, ತಾನು ಸಣ್ಣ ಮನಸ್ಸಿನವನಲ್ಲ ಎಂದು ತೋರಿಸುವುದಕ್ಕೋ ಏನೋ, ಕಾಗದ ತೆಗೆದುಕೊಂಡು ಎಲ್ಲರಿಗಿಂತ ಉದ್ದನೆಯ ಪತ್ರ ಬರೆದ. ಬರೆದದ್ದನ್ನು ತೋರಿಸದೆ ನೇರವಾಗಿ ಹರಾವಾನ ಕೈಗೆ ಕೊಟ್ಟು, ಚಿಕ್ಕಪ್ಪನ ಮಣ್ಣಿಗೆಂದು ಬೆಟ್ಟದ ಮೇಲಿನ ಹಳ್ಳಿಗೆ ಹೊರಟುಹೋದ. ಸಾವಿಗೆ ಹೋಗುವವನನ್ನು ತಡೆಯಲು ಆ ಸೀಮೆಯಲ್ಲಿ ಯಾರಿಗೂ ಬಾಯಿ ಬರುವುದಿಲ್ಲ.

ಹನ್ನೆರಡೂವರೆಗೆ ಮೀನುಗಾರರು ಒಬ್ಬ ಹೆಂಗಸನ್ನು ಬಾಗಿಲಿನ ಹಲಗೆಯ ಮೇಲೆ ಹೊತ್ತು ತಂದರು. ಗರ್ಭ ನಾಳದಲ್ಲೇ ನಿಂತು ಒಡೆದು, ಹೊಟ್ಟೆಯೊಳಗೆಲ್ಲ ರಕ್ತ. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ದೊಡ್ಡಾಸ್ಪತ್ರೆ ಮೂರು ಗಂಟೆಯ ದಾರಿ. ಅವಳ ಬಳಿ ಅಷ್ಟು ಹೊತ್ತು ಇರಲಿಲ್ಲ.

ಲಿಂಬಾನಿ ಅರ್ಜಿಯನ್ನು ಹರಾವಾನ ಮೇಜಿನ ಮೇಲೆ ಬಿಸಾಕಿ ಓಡಿದ. ಎರಡು ವರ್ಷದ ಹಿಂದಿನ ದಿನವೇ ಸಿರಿಂಜು ಹಿಡಿದು ಮತ್ತೆ ಬಂದು ನಿಂತಂತಿತ್ತು. ಚುಚ್ಚುಮದ್ದು ಕೊಟ್ಟ. ಹೆಂಗಸಿನ ತಲೆಯ ಬಳಿ ಮೇಟ್ರನ್ನರನ್ನು ನಿಲ್ಲಿಸಿ ಅವರ ಒಂದು ಕೈಯನ್ನು ಅವಳ ಎದೆಯ ಮೇಲೆ ಇಟ್ಟ.

"ಪ್ರತಿ ಉಸಿರೂ ಗಟ್ಟಿಯಾಗಿ ಎಣಿಸಿ ಅಮ್ಮ. ನೀವು ಸುಮ್ಮನಾದ್ರೆ ನಾನು ಕೈ ತೆಗೀತೀನಿ."

ನ್ಯಾಗೊಂಡ್ವೆ ಎಣಿಸಿದರು. ಇನ್ನೂರ ಹನ್ನೊಂದಕ್ಕೆ ಒಮ್ಮೆ ತಡವರಿಸಿದರು. ಲಿಂಬಾನಿ ಕೈ ತೆಗೆದು, ಗವಸಿನ ರಕ್ತದ ಸಮೇತ ಹೆಂಗಸಿನ ದವಡೆ ಎತ್ತಿ ಹಿಡಿದ. ಉಸಿರು ಬಂತು. ಎಣಿಕೆ ಮುಂದುವರಿಯಿತು. ಆರುನೂರು ದಾಟುವಾಗ ಹೊಲಿಗೆ ಮುಗಿಯಿತು. ಹೆಂಗಸು ಬದುಕಿದ್ದಳು. ಬದುಕುತ್ತಾಳೆ ಎನ್ನುವಂತಿರಲಿಲ್ಲ, ಆದರೆ ಬದುಕಿದ್ದಳು.

ಹೊರಗೆ ಬಂದಾಗ ಎರಡೂಕಾಲು. ಅರ್ಜಿ ನೆನಪಾಗಿ ಹರಾವಾನ ಬಳಿಗೆ ಓಡಿದ. ಹರಾವಾ ಎದೆಯುಬ್ಬಿಸಿ, ಎಲ್ಲ ಒಂದೂಮುಕ್ಕಾಲಿಗೇ ಹೋಯಿತು ಎಂದ. ಮೂರನೇ ಪತ್ರವಾಗಿ ತನ್ನದೂ ನಾಲ್ಕು ಸಾಲು ಸೇರಿಸಿದ್ದಾನಂತೆ. ಏನು ಸೇರಿಸಿದೆ ಎಂದು ಕೇಳುವಷ್ಟು ಶಕ್ತಿ ಲಿಂಬಾನಿಯಲ್ಲಿ ಉಳಿದಿರಲಿಲ್ಲ. ತಣ್ಣಗಾದ ನ್ಸೀಮಾ ಮುದ್ದೆಯನ್ನು ಎರಡು ತುತ್ತು ನುಂಗಿ ವಾರ್ಡಿಗೆ ಹೋದ.

ಐದು ಗಂಟೆಗೆ ಕಾರ್ಯದರ್ಶಿಯ ಫೋನ್ ಬಂತು. ಲಿಂಬಾನಿ ವರಾಂಡದ ತುದಿಗೆ ಹೋಗಿ ನಿಂತ. ಕಾರ್ಯದರ್ಶಿಯ ದನಿಯಲ್ಲಿ ಬೆಳಿಗ್ಗೆ ಇಲ್ಲದ ಗೌರವವಿತ್ತು. ಪತ್ರಗಳನ್ನು ಓದುವಾಗ ಸಮಿತಿಯವರು ಚಹಾ ಕುಡಿಯುವುದನ್ನೂ ಮರೆತರಂತೆ. ಶಸ್ತ್ರಚಿಕಿತ್ಸೆಯಲ್ಲಿ ಇವರು ರಾಜಧಾನಿಯ ಯಾವ ಸರ್ಜನ್‌ಗೂ ಕಡಿಮೆಯಿಲ್ಲ ಎಂದು ಮೇಟ್ರನ್ ಬರೆದಿದ್ದರು. ಅರಿವಳಿಕೆ ಕೊಡುವುದರಲ್ಲಿ ಇವರು ನನಗಿಂತ ಮೇಲು ಎಂದು, ಹದಿನೇಳು ವರ್ಷದಲ್ಲಿ ಮೊದಲ ಬಾರಿಗೆ ಸುಳ್ಳು ಹೇಳಿ, ಲುಹಾಂಗ ಬರೆದಿದ್ದ. ಇದನ್ನು ಓದುವ ಈ ಗಳಿಗೆಯಲ್ಲೂ ಅವರು ಒಬ್ಬರೇ ಎರಡೂ ಕೆಲಸ ಮಾಡುತ್ತಿದ್ದಾರೆ ಎಂದು ಹರಾವಾ ಸೇರಿಸಿದ್ದ.

"ಹಾಗಾದ್ರೆ ಎರಡೂ ಕೊಟ್ರಾ?" ಎಂದ ಲಿಂಬಾನಿ.

"ಕೊಡೋದೇನಿದೆ ಡಾಕ್ಟ್ರೇ, ನಿಮಗೆ ಆಗ್ಲೇ ಎರಡೂ ಬರತ್ತಲ್ಲ. ಬರೋರಿಗೇ ಕಲಿಸಿ ಸೀಟು ಯಾಕೆ ದಂಡ ಮಾಡ್ಬೇಕು ಅಂದ್ರು ಅಧ್ಯಕ್ಷರು. ಬೇರೆ ಇಬ್ಬರಿಗೆ ಕೊಟ್ವಿ. ಒಬ್ಬ ಸರ್ಜರಿಗೆ, ಒಬ್ಬಳು ಅರಿವಳಿಕೆಗೆ. ಸೋಮವಾರ ನಿಮ್ಮಲ್ಲಿಗೆ ಬರ್ತಾರೆ."

ಲಿಂಬಾನಿಯ ಎದೆಯಲ್ಲಿ ಏನೋ ಸಣ್ಣಗೆ ಹೊತ್ತಿಕೊಂಡಿತು. "ಇಲ್ಲಿ ಕೆಲಸಕ್ಕಾ?"

"ಕಲಿಯೋಕೆ. ಆರು ವಾರ ನಿಮ್ಮ ಕೈ ಕೆಳಗಿದ್ದು ಆಮೇಲೆ ದೊಡ್ಡಾಸ್ಪತ್ರೆಗೆ ಹೋಗ್ತಾರೆ. ವರ್ಷಕ್ಕೆ ಇಬ್ಬಿಬ್ಬರ ಹಾಗೆ ಐದು ವರ್ಷ. ಅಲ್ಲೀವರೆಗೆ ನಿಮ್ಮನ್ನ ಅಲ್ಲಿಂದ ಕದಲಿಸಬಾರದು ಅಂತ ಬರೆದಿದಾರೆ."

ಫೋನ್ ಜೇಬಿಗಿಟ್ಟು ತಿರುಗಿದರೆ ಮೂವರೂ ಬಾಗಿಲಲ್ಲಿ ನಿಂತಿದ್ದರು. ಹರಾವಾ ಎಲ್ಲಿಂದಲೋ ಕಿತ್ತಳೆ ಸೋಡಾ ತಂದಿದ್ದ. ಹಳ್ಳಿಯಿಂದ ಆಗತಾನೆ ಮರಳಿದ ಲುಹಾಂಗನ ಬೂಟಿನಲ್ಲಿ ಇನ್ನೂ ಕೆಂಪು ಮಣ್ಣಿತ್ತು. ಯಾವುದು ಸಿಕ್ಕಿತು ಎಂದು ಅವನೇ ಕೇಳಿದ.

ಲಿಂಬಾನಿ ಮೂವರ ಮುಖವನ್ನೂ ಒಮ್ಮೆ ನೋಡಿದ. ಅಲ್ಲಿ ಪ್ರೀತಿ ಬಿಟ್ಟರೆ ಬೇರೇನೂ ಇರಲಿಲ್ಲ.

"ಎರಡೂ" ಎಂದ.

ಹರಾವಾ ಸೋಡಾದ ಮುಚ್ಚಳ ಹಾರಿಸಿದ. ಲುಹಾಂಗ ಬಂದು ಎರಡೂ ಕೈ ಹಿಡಿದು ಕುಲುಕಿದ, ತನ್ನ ಪತ್ರದಿಂದಲೇ ಆಯಿತು ಎಂದ. ಅದು ನಿಜ ಎಂದು ಲಿಂಬಾನಿ ಒಪ್ಪಿಕೊಂಡ. ನ್ಯಾಗೊಂಡ್ವೆ ಕಣ್ಣೊರೆಸಿಕೊಂಡು, ಹೊರಡುವುದು ಯಾವತ್ತು ಎಂದು ಕೇಳಿದರು.

"ಹೊರಡೋದಿಲ್ಲ ಅಮ್ಮ" ಎಂದ ಲಿಂಬಾನಿ. "ಸೋಮವಾರ ಅವರೇ ಬರ್ತಾರೆ."