ನೆಗೆಟಿವ್ ಬಂದರೂ ಬಿಡದ ಜ್ವರ

ಹೆಮ್ಮೆಪಡುವುದಕ್ಕೆ ದೊಡ್ಡ ಕಾರಣವೇ ಬೇಕೆಂದೇನಿಲ್ಲ. ನನ್ನ ಹೆಮ್ಮೆ ತೀರಾ ಖಾಸಗಿಯದು: ಹದಿನೆಂಟು ವರ್ಷದ ನೌಕರಿಯಲ್ಲಿ ನಾನು ಒಂದು ದಿನವೂ ಆಫೀಸಿನ ಟಾಯ್ಲೆಟ್ಟಿಗೆ ಕಾಲಿಟ್ಟವಳಲ್ಲ. ಬೆಳಗ್ಗೆ ಎಂಟೂವರೆಗೆ ಜರಗನಹಳ್ಳಿಯ ಮನೆ ಬಿಟ್ಟರೆ, ಜಯನಗರದ ಕೆಲಸ ಮುಗಿಸಿ ಸಂಜೆ ಆರೂವರೆಗೆ ಮತ್ತೆ ನಮ್ಮನೆಯ ಬಾತ್‌ರೂಮೇ. ಅದಕ್ಕೆ ತಕ್ಕಂತೆ ನೀರನ್ನೂ ಮುಟ್ಟುತ್ತಿರಲಿಲ್ಲ. ಸಹೋದ್ಯೋಗಿಗಳು ಮೂಗು ಮುಚ್ಚಿಕೊಂಡು ಅಲ್ಲಿಂದ ಹೊರಬರುವಾಗ ನಾನು ಋಷಿಪತ್ನಿಯ ಗಾಂಭೀರ್ಯದಲ್ಲಿ ಫೈಲು ತಿರುವುತ್ತಿದ್ದೆ.

ಇಂಥವಳಿಗೆ ಚಳಿಜ್ವರ ಬಂತು. ಕೊರೊನಾ ಮತ್ತೆ ಸುದ್ದಿಯಲ್ಲಿದ್ದ ವಾರ ಅದು. ಕೆಮ್ಮಿಲ್ಲ, ನೆಗಡಿಯಿಲ್ಲ, ಆದರೂ ಅತ್ತೆ ನನ್ನನ್ನು ಹಿಂದಿನ ರೂಮಿಗೆ ಸೇರಿಸಿ, ಪಿಯುಸಿ ಓದುವ ಮಗಳು ಸಿಂಚನಾಳ ಕೈಯಲ್ಲಿ ಬಾಗಿಲಾಚೆ ಗಂಜಿ ಇಡಿಸಿದರು. ಟೆಸ್ಟ್ ನೆಗೆಟಿವ್. ಎರಡು ದಿನ ಬಿಟ್ಟು ಇನ್ನೊಂದು, ಅದೂ ನೆಗೆಟಿವ್. "ಅವರ ಮಿಷನ್ನೇ ಸರಿಯಿಲ್ಲ ಬಿಡಮ್ಮ" ಎಂದರು ಅತ್ತೆ. ನಮ್ಮ ಯಜಮಾನರು ಡೆಂಗ್ಯೂ ಅಂದರು, ಅದೂ ಇರಲಿಲ್ಲ. ಎದುರುಮನೆ ಆಂಟಿ ದೃಷ್ಟಿ ಅಂದರು. ನಾನು ಅದನ್ನೇ ನಂಬಿದೆ. ದೃಷ್ಟಿ ಬೀಳುವಂಥ ಶಿಸ್ತೇ ತಾನೆ ನನ್ನದು!

ಐದನೇ ದಿನ ಬೆನ್ನೂ ಹಿಡಿದುಕೊಂಡಾಗ ಸಿಂಚನಾ ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಚಿಕ್ಕ ವಯಸ್ಸಿನ ಆ ಡಾಕ್ಟರಮ್ಮ ಯೂರಿನ್ ರಿಪೋರ್ಟ್ ನೋಡಿ, "ಕಿಡ್ನಿವರೆಗೂ ಇನ್‌ಫೆಕ್ಷನ್ ಹೋಗಿದೆ ಮೇಡಂ. ದಿನಕ್ಕೆ ಎಷ್ಟು ಸಲ ಟಾಯ್ಲೆಟ್ಟಿಗೆ ಹೋಗ್ತೀರಾ?" ಎಂದರು. ಅಷ್ಟು ಜ್ವರದಲ್ಲೂ ನಾನು ಸೆಟೆದು ಕೂತು ಹದಿನೆಂಟು ವರ್ಷದ ದಾಖಲೆ ಒಪ್ಪಿಸಿದೆ. ಅವರು ಪೆನ್ನು ಕೆಳಗಿಟ್ಟರು. "ಇದನ್ನ ಇಷ್ಟು ಖುಷಿಯಾಗಿ ಹೇಳ್ತಿದ್ದೀರಲ್ಲ! ನೀರು ಕುಡೀದೆ, ಬಂದಿದ್ದನ್ನೂ ತಡ್ಕೊಂಡು ಕೂತ್ರೆ ಇನ್ನೇನಾಗುತ್ತೆ?"

ಮಗಳು ನಗುತ್ತಾಳೆ ಅಂದುಕೊಂಡೆ. ಅವಳ ಮುಖ ಬಿಳಿಚಿಕೊಂಡಿತ್ತು. "ಅಮ್ಮಾ, ನಾನೂ ಕಾಲೇಜಲ್ಲಿ ಹೋಗಲ್ಲ. ನನ್ನ ಮಗಳೂ ನನ್ನ ಥರಾನೇ ಅಂತ ನೀನೇ ಎಲ್ಲರ ಹತ್ರ ಹೇಳ್ತಿದ್ದೆಯಲ್ಲ."

ಅಲ್ಲೇ ಅವಳಿಗೂ ಟೆಸ್ಟ್ ಮಾಡಿಸಿದೆ. ಪುಣ್ಯಕ್ಕೆ ಏನೂ ಇರಲಿಲ್ಲ.

ಮಾತ್ರೆಗೆ ಜ್ವರ ಬಿಟ್ಟಿತು. ಈಗ ಇಬ್ಬರ ಬ್ಯಾಗಿನಲ್ಲೂ ನೀರಿನ ಬಾಟಲಿ ಇರುತ್ತದೆ. ಆಫೀಸಿನಲ್ಲಿ ಮ್ಯಾನೇಜರ್ ಜೊತೆ ಜಗಳವಾಡಿ ಟಾಯ್ಲೆಟ್ಟಿಗೆ ಚಿಲಕ, ಬಕೆಟ್ಟು, ದಿನಕ್ಕೆರಡು ಸಲ ಫಿನಾಯಿಲ್ ಎಲ್ಲ ಬರುವಂತೆ ಮಾಡಿದ್ದೇನೆ. ಮೊನ್ನೆ ಸಂಜೆ ಸಿಂಚನಾ ಚಪ್ಪಲಿ ಬಿಡುತ್ತಲೇ, "ಅಮ್ಮಾ, ಇವತ್ತು ಎರಡು ಸಲ ಹೋದೆ!" ಎಂದು ಕೂಗಿದಳು. ಹಾಲ್‌ನಲ್ಲಿ ಕೂತು ಕಾಫಿ ಕುಡಿಯುತ್ತಿದ್ದ ನೆಂಟರು ತಿರುಗಿ ನನ್ನನ್ನು ನೋಡಿದರು. ಸುಮ್ಮನಿದ್ದಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಮಗಳು ನನ್ನನ್ನು ಮೀರಿಸುವುದುಂಟೇ?

"ನಂದು ಮೂರು!" ಎಂದೆ.